ಕೆಳಗಿನ ಸ್ಪ್ಯಾನರು

ಅವನು ಮೇಲೆ, ನಾನು ಕೆಳಗೆ.
ನಡುವೆ ಹೆಬ್ಬೆರಳ ದಪ್ಪದ ಡೆಕ್ಕು,
ಅದರಲ್ಲೊಂದು ತೂತು.

ತೂತಿನಿಂದ ಇಳಿಯುತ್ತದೆ ಏಪ್ರಿಲ್ಲಿನ ಬೆಳಕು
ಶಾವಿಗೆಯ ಒಂದೆಳೆಯಷ್ಟು;
ಅದರ ಹಿಂದೆಯೇ ಅವನ ದನಿ:
"ಹಿಡಿದೆಯಾ?"
"ಹಿಡಿದೆ."
ಕೋರ್ಟಿನಲ್ಲಿ ಸಹಿ ಹಾಕಿ ಹನ್ನೊಂದು ವರ್ಷ.
ಇಷ್ಟು ಹತ್ತಿರದಿಂದ ನಾವು ಮಾತಾಡುವುದು
ವರ್ಷಕ್ಕೊಮ್ಮೆ, ಕಡಲ ಹಿಮ ಒಡೆದ ಮೇಲೆ,
ಊಸಿಕೌಪುಂಕಿಯ ದೋಣಿ ಅಂಗಳದಲ್ಲಿ
ಗೂಟಗಳ ಮೇಲೆ ಕೂತ
ಟೀರಾಳ ಹೊಟ್ಟೆಯೊಳಗಿಂದ.

ಮನೆ ಮಾರಿದೆವು. ಕಾರು ಕಾಲೆರ್ವೊಗೆ, ನಾಯಿ ನನಗೆ.
ಬೆಳ್ಳಿ ಚಮಚಗಳು ಎಣಿಸಿ ಆರು, ಆರು.
ಐವತ್ತು ತುಂಬಿದ ಈ ಪುಟ್ಟ ಫೈಬರ್ ಹಾಯಿದೋಣಿಯನ್ನು
ಯಾರೂ ಕೊಳ್ಳಲಿಲ್ಲ, ಕೊಯ್ದು ಹಂಚುವಂತೆಯೂ ಇರಲಿಲ್ಲ.
ಹಾಗಾಗಿ ಜೂನು ಅವನದು, ಜುಲೈ ನನ್ನದು.
ಸೋರುವುದು ಇಬ್ಬರದೂ.

ಹೋದ ಜುಲೈ, ಮೂರು ದಿನ ಹಿಡಿದ ಮಳೆಯಲ್ಲಿ
ಸಮಯ ನೋಡಿದಂತೆ ಒಂದೊಂದೇ ಹನಿ,
ಹಳಸಿದ ಚಹದ ಬಣ್ಣ, ನೇರ ನನ್ನ ದಿಂಬಿಗೆ.
ಕಟಕಟೆಯ ಕಂಬಿ ಬುಡದಲ್ಲಿ ಸಡಿಲ, ನಾನಂದೆ,
ನಿನ್ನ ಜೂನಿನ ನೆಂಟರು ಅದನ್ನೇ ಜಗ್ಗಿ ಹತ್ತುತ್ತಾರೆ.
ಅವನಂದ, ಸುತ್ತ ಸಿಲಿಕೋನ್ ಬಳಿದು
ಆಯಿತು ಬಿಡು ಅಂದವಳು ಯಾರು?
ಎರಡೂ ನಿಜ.
ಬಳಿದದ್ದು ನೀರನ್ನು ತಡೆಯಲಿಲ್ಲ,
ಒಳಗಿಳಿದ ನೀರು ಹೊರಹೋಗುವುದನ್ನು ತಡೆಯಿತು.

ಬಿಚ್ಚಿದರೆ ಎರಡು ಫೈಬರ್ ಪದರಗಳ ನಡುವೆ
ಬಾಲ್ಸಾ ಮರ ಕೊಳೆತು ಕಾಫಿಯ ಚರಟ.
ಮೂವತ್ತು ವರ್ಷ ಊರಿನ ಹಲ್ಲು ಕೆರೆದವಳು ನಾನು;
ಹುಳುಕು ಎಲ್ಲಿ ಮುಗಿದು
ಗಟ್ಟಿ ಎಲ್ಲಿ ಶುರುವಾಗುತ್ತದೆಂದು
ಕೊಕ್ಕೆಯ ತುದಿಗೇ ತಿಳಿಯುತ್ತದೆ.
ಅವನು ಸುಮ್ಮನೆ ಟಾರ್ಚು ಹಿಡಿದ.
ವಾರವಿಡೀ ದೀಪವಿಟ್ಟು ಒಣಗಿಸಿ
ಎಪಾಕ್ಸಿ ತುಂಬಿ, ಅದು ಕಲ್ಲಾದ ಮೇಲೆ
ಅದರ ನಡುವೆಯೇ ಮತ್ತೆ ಕೊರೆದೆವು,
ಇನ್ನು ನೀರು ಬಂದರೂ
ಮರದ ಬಾಯಿಗೆ ಸಿಗದಂತೆ.

ಹಳೆಯ ವಾಷರುಗಳು ನಾಣ್ಯದಷ್ಟಗಲ, ಅದೇ ತಪ್ಪು.
ಗುಜರಿಯಲ್ಲಿ ಸಿಕ್ಕ ರಸ್ತೆಫಲಕ ಕತ್ತರಿಸಿ
ಅಂಗೈಯಗಲದ ತಗಡುಗಳನ್ನು ತಂದಿದ್ದಾನೆ.
ಕಡವೆಗಳು ದಾಟುತ್ತವೆ, ಜೋಕೆ, ಎನ್ನುವ ಫಲಕ:
ನನ್ನ ಪಾಲಿನ ಹಳದಿಯ ಮೇಲೆ
ಒಂದು ಕಪ್ಪು ಕಾಲು, ಮೊಣಕಾಲಿನವರೆಗೆ.

"ಬೋಲ್ಟು ತಿರುಗಿಸಬೇಡ," ಕೆಳಗಿನಿಂದ ಕೂಗುತ್ತೇನೆ,
"ಅಂಟು ಕದಡುತ್ತದೆ. ನೀನು ಅಲ್ಲಾಡದೆ ಹಿಡಿ,
ನಟ್ಟು ನಾನು ತಿರುಗಿಸುತ್ತೇನೆ."
ಎತ್ತು ಏರಿಗೆ, ಕೋಣ ನೀರಿಗೆ
ಎಂದು ನಮ್ಮನ್ನು ನೋಡಿ ನಗದವರಿಲ್ಲ.
ಇವತ್ತು ಎತ್ತು ಏರಿಯ ಮೇಲೆಯೇ ನಿಂತಿದೆ,
ಸ್ಕ್ರೂಡ್ರೈವರು ಒತ್ತಿ, ಉಸಿರು ಬಿಗಿಹಿಡಿದು.
ಕಾಲು ಸುತ್ತು. ಇನ್ನೊಂದು ಕಾಲು.
ಬೂದು ಅಂಟು ಬುಡದ ಸುತ್ತ
ಸಣ್ಣ ತುಟಿಯಂತೆ ಉಬ್ಬಿತಂತೆ, ಅವನು ವರದಿ ಕೊಡುತ್ತಾನೆ.
ಪೂರ್ತಿ ಬಿಗಿಯಬಾರದು ಈಗಲೇ.
ನಾಳೆ ಒಂದಿಷ್ಟು, ನಾಡಿದ್ದು ಒಂದಿಷ್ಟು.

ಸಿರ್ಪಾ ಏಲಕ್ಕಿ ಬನ್ನು ಕಳಿಸಿದ್ದಾಳೆ, ಅವನ ಹೆಂಡತಿ,
ಎರಡು ಪೊಟ್ಟಣ, ನನ್ನದರ ಮೇಲೆ ನನ್ನ ಹೆಸರು,
ಐನಿಕ್ಕಿ, ಒಂದು ಅಕ್ಷರ ತಪ್ಪಿ.
ಏಣಿಯ ಮೇಲೊಬ್ಬರು ಕೆಳಗೊಬ್ಬರು ಕೂತು ತಿಂದೆವು.
ಅವನ ಮಂಡಿ ನೋವು ಎಡದಿಂದ ಬಲಕ್ಕೆ ಬಂದಿದೆಯಂತೆ.
ನಾಯಿ ಸತ್ತದ್ದು ನಾನು ಹೇಳಲಿಲ್ಲ.

ಮೂರನೆಯ ದಿನ ಪರೀಕ್ಷೆ. ನಾನು ಅಂಗಾತ ಮಲಗಿದೆ,
ಕಡವೆಯ ಕಾಲಿನ ಕೆಳಗೆ, ಬಾಯಿ ತೆರೆಯದೆ.
ಮೇಲೆ ಬಕೆಟ್ಟು ಬೋರಲಾಯಿತು;
ನೀರು ಡೆಕ್ಕಿನುದ್ದ ಓಡಿ
ಅಂಗಳದ ಜಲ್ಲಿಗೆ ಬಿದ್ದ ಸದ್ದು.
ನಟ್ಟು ಒಣಗಿತ್ತು. ಬೆರಳಿಂದ ಮುಟ್ಟಿದೆ. ಒಣಗಿತ್ತು.

"ಸೋರುತ್ತಿದೆಯಾ?"

ಇಂಥ ಕಂಬಿಗಳು ಇನ್ನೂ ಐದು ಇವೆ,
ವರ್ಷಕ್ಕೆ ಒಂದರ ಹಾಗೆ ಹಿಡಿದರೆ—
"ಗೊತ್ತಾಗುತ್ತಿಲ್ಲ," ಅಂದೆ,
"ಇನ್ನೊಂದು ಬಕೆಟ್ಟು ಹಾಕು."