ಹೊಗೆಯ ಬೆಲೆ

ಕ್ಲೈಪೇದಾ ಬಂದರಿನ ಕ್ರೇನುಗಳಿಗೆ ಮುಖಮಾಡಿದ
ಮೂರನೆಯ ಮಹಡಿಯಲ್ಲಿ ಕೂತು
ರಾಮೂನೆ ಹೆಸರು ತೂಗುತ್ತಾಳೆ.
ಕೋಸಂಬರಿಗೆ ನೆನೆಹಾಕುವ ಹೆಸರಲ್ಲ;
ಬರೀ ಹೆಸರು, ಬಾಲಕ್ಕೊಂದು ಚುಕ್ಕಿ,
ಚುಕ್ಕಿಯಾಚೆ ದೇಶದ ಎರಡಕ್ಷರ.
ತಕ್ಕಡಿ ಇಲ್ಲ. ಒಂದು ಪರದೆ, ಒಂದು ಸೀಸದಕಡ್ಡಿ,
ಬಟ್ಟಲಲ್ಲಿ ತಣ್ಣನೆಯ ಬೀಟ್‌ರೂಟ್ ಸಾರು.

ಇವತ್ತು ಬಂದದ್ದು ಐದಕ್ಷರದ್ದು: ದೂಮಾಯ್.
ಹೊಗೆ ಎಂದರ್ಥ.
ನಮ್ಮ ಧೂಮವೇ ಯಾವ ಕಾಲದಲ್ಲೋ
ಮಹಾಪ್ರಾಣ ಬಿಟ್ಟು
ಆ ಚಳಿಯೂರಲ್ಲಿ ಸಂಸಾರ ಹೂಡಿದ ಹಾಗೆ.

ಸಂಸಾರ ಮುರಿದದ್ದಕ್ಕೇ ಈ ತೂಕ.
ದೋಣಿ ಪೋವಿಲಾಸ್‌ಗೆ, ವ್ಯಾನು ಅಲ್ದೋನಾಗೆ,
ಮೀನು ಹೊಗೆಯಾಡಿಸುವ ಗೂಡು ಬ್ಯಾಂಕಿಗೆ.
ಉಳಿದದ್ದು ಇದೊಂದು.
ದೂ ನಿನಗೆ, ಮಾಯ್ ಅವಳಿಗೆ
ಎನ್ನಲಾದೀತೆ?
ಬೆಲೆ ಕಟ್ಟಿಸಿಕೊಂಡು ಬನ್ನಿ ಅಂದಿದೆ ಕೋರ್ಟು.

ಅವನು ಕುರ್ಚಿಯ ತುದಿಯಲ್ಲಿ;
ಗೂಡು ಆರಿ ಎರಡು ಚಳಿಗಾಲವಾದರೂ
ಕೋಟು ಬಿಟ್ಟುಕೊಟ್ಟಿಲ್ಲ ಆಲ್ಡರ್ ಕಟ್ಟಿಗೆಯ ವಾಸನೆ.
ಅವಳು ಹೊರಗೆ, ಪಡಸಾಲೆಯ ಬೆಂಚಿನ ಮೇಲೆ.
ನಡುವೆ ಅರೆತೆರೆದ ಬಾಗಿಲು.

ರಾಮೂನೆ ಅಕ್ಷರ ಎಣಿಸುತ್ತಾಳೆ. ಐದು, ಒಳ್ಳೆಯದು.
ನಡುವೆ ಅಡ್ಡಗೆರೆಯಿಲ್ಲ, ಅಂಕಿಯಿಲ್ಲ. ಇನ್ನೂ ಒಳ್ಳೆಯದು.
ಗದ್ದಲದ ಬಾರಿನಲ್ಲಿ ಒಮ್ಮೆ ಕೂಗಿ ಹೇಳಿದರೆ
ಆಚೆಯವನು ತಪ್ಪಿಲ್ಲದೆ ಬರೆದುಕೊಂಡಾನೆ?
ಕುಡಿದಿದ್ದರೂ ಬರೆದುಕೊಂಡಾನು.
ನೆರೆಯ ಹೆಸರುಗಳು ಎಷ್ಟಕ್ಕೆ ಹೋದವು?
ಉಪ್ಪು ಹೋಯಿತು ಒಂದು ಹಳೇ ಕಾರಿನ ಬೆಲೆಗೆ.
ಬೂದಿ ಯಾರಿಗೂ ಬೇಡವಾಗಿ ಬಿದ್ದಿದೆ.

ವಿಲ್ನಿಯಸ್‌ನಿಂದ ಎರಿಕಾಸ್ ಎಂಬವನ ಪತ್ರ ಬಂದಿದೆ:
ಬ್ಯಾಟರಿ ಸಿಗರೇಟಿನ ವ್ಯಾಪಾರ,
ಮಾವಿನ ಘಮ, ಪುದೀನದ ಘಮ.
ಅವನಿಗೆ ಹೊಗೆ ಬೇಕು, ಮೀನು ಬೇಡ.
ನಿಜಕ್ಕೆ ಅವನು ಮಾರುವುದು ಹೊಗೆಯಲ್ಲ, ಆವಿ;
ಆವಿಯನ್ನು ಆಗಲೇ ಯಾರೋ ಹಿಡಿದಿಟ್ಟಿದ್ದಾರೆ.
ಹದಿನಾಲ್ಕು ಸಾವಿರ ಯೂರೋ, ಅಂದಿದ್ದಾನೆ.

ಆಮೇಲೆ ಒಂದು ಅಂಕಿ ಅವಳನ್ನು ತಡೆಯುತ್ತದೆ.
ತಿಂಗಳಿಗೆ ಇನ್ನೂರ ಹನ್ನೆರಡು ಮಂದಿ,
ಹುಡುಕುತ್ತಾ ಎಡವಿ ಬಂದವರಲ್ಲ,
ಹೆಸರನ್ನೇ ಬೆರಳಲ್ಲಿ ಒತ್ತಿ ನೆಟ್ಟಗೆ ಬಂದವರು.
ಪುಟದಲ್ಲಿರುವುದು ಒಂದು ಮಸುಕು ಫೋಟೋ,
‘ಮುಚ್ಚಿದೆ’ ಎಂಬ ಒಂದು ಸಾಲು.
ಅದನ್ನು ನೋಡಲು, ಅದೂ ಗುರುವಾರ ಸಂಜೆಯೇ?

‘ಗುರುವಾರ ಯಾಕೆ?’
ಪೋವಿಲಾಸ್ ಟೋಪಿ ತಿರುವುತ್ತಾನೆ. ಗೊತ್ತಿಲ್ಲ ಅವನಿಗೆ.
ಬಾಗಿಲ ಸಂದಿಯಿಂದ ಬರುತ್ತದೆ ಉತ್ತರ:
‘ಶುಕ್ರವಾರ ಬೆಳಿಗ್ಗೆ ಗೂಡು ತೆಗೀತಿದ್ವಿ.
ಹಿಂದಿನ ಸಂಜೆ ನಾನು ಬರೆದು ಹಾಕ್ತಿದ್ದೆ,
ಹಾವುಮೀನು ಎಷ್ಟು, ಬ್ರೀಮು ಎಷ್ಟು ಅಂತ.’
‘ನೀನಾ?’ ಅನ್ನುತ್ತಾನೆ.
‘ಮತ್ಯಾರು, ಮೀನಾ?’

ಈ ಇನ್ನೂರ ಹನ್ನೆರಡನ್ನು ಯಾವ ಕಲಮಿಗೆ ಸೇರಿಸಲಿ?
ಮಾವಿನ ಘಮ ಬಂದರೆ ಎರಡು ಗುರುವಾರ ನೋಡಿಯಾರು,
ಮೂರನೆಯದಕ್ಕೆ ಇರಲಾರರು.
ಮಾರಿದರೆ ಇಂಗುತ್ತದೆ, ಮಾರದಿದ್ದರೆ ಬಡ್ಡಿಯೂ ಹುಟ್ಟದು.
ಹನ್ನೊಂದು ಸಾವಿರ, ಎಂದು ಬರೆದಳು.
ಅಡಿಯಲ್ಲಿ ಸಣ್ಣಗೆ ಷರಾ:
ಗುರುವಾರಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಮೆಟ್ಟಿಲಲ್ಲಿ ಜಗಳ ಕೇಳಿಸಿತು.
ಹಣದ್ದಲ್ಲ; ಹಾವುಮೀನು ಉಪ್ಪಿನಲ್ಲಿರಬೇಕಾದ್ದು
ಎಂಟು ಗಂಟೆಯೋ ಹನ್ನೆರಡೋ ಎಂದು.

ಮೂರು ದಿನ ಬಿಟ್ಟು, ವರದಿಗೆ ರುಜು ಹಾಕುವ ಮುನ್ನ
ಹೆಸರಿನ ಅವಧಿ ನೋಡಿದಳು.
ಈ ತಿಂಗಳ ಕೊನೆಗೆ ತೀರಬೇಕಿತ್ತು.
ಎರಡು ವರ್ಷ ಮುಂದೆ ಹೋಗಿ ಕೂತಿದೆ:
ಒಂದು ವರ್ಷ ಅವನ ಖಾತೆಯಿಂದ, ಸೋಮವಾರ ರಾತ್ರಿ,
ಇನ್ನೊಂದು ಅವಳದರಿಂದ, ಮರುಬೆಳಿಗ್ಗೆ.
ಪರಸ್ಪರ ಹೇಳಿದಂತಿಲ್ಲ.

ರಾಮೂನೆ ತಾರೀಖು ತಿದ್ದಿದಳು.
ಬೆಲೆಯ ಮೇಲೆ ಸೀಸದಕಡ್ಡಿ ಒಂದು ಗಳಿಗೆ ನಿಂತಿತು,
ಮುಂದಿನ ಕಡತ ಎಳೆದುಕೊಂಡಳು.
ಯಾರೋ ‘ಮಂಜು’ ಕಳಿಸಿದ್ದರು.