ನಾಲ್ಕನೆಯದರ ಫೋಟೋ ಇಲ್ಲ

ಕ್ಲಬ್ಬಿನ ಗೋಡೆಯ ಮೇಲೆ ಏಳನೇ ಹೋಲು ಮೂರು ಕಡೆ ತೂಗುತ್ತಿದೆ:
ಮಂಜಿನ ಬೆಳಿಗ್ಗೆ ಒಂದು, ಕೊಳದಲ್ಲಿ ತಲೆಕೆಳಗಾದ ಚಾಮುಂಡಿ ಬೆಟ್ಟ;
ಬೆಟ್ಟಕ್ಕೆ ದೀಪ ಹತ್ತಿದ ಸಂಜೆ ಒಂದು;
ಇನ್ನೊಂದರಲ್ಲಿ ಹಳದಿ ಪ್ಯಾಂಟಿನ ಯಾರೋ ಮಂತ್ರಿಯ ಅಳಿಯ.

ನಾಲ್ಕನೆಯದರ ಫೋಟೋ ಇಲ್ಲ.
ಅಲ್ಲಿ ತೆಗೆಯುವುದಕ್ಕೆ ಏನೂ ಇಲ್ಲ.

ಮೊನ್ನೆ ಡಿಸೈನರ್ ಬಂದಿದ್ದರು. ಊರು ಹುಬ್ಬಳ್ಳಿ, ಕೆಲಸ ದುಬೈ.
ಹಾರುವ ಕ್ಯಾಮೆರಾ ಬಿಟ್ಟು ಮೇಲಿಂದ ನೋಡಿದರು.
"ನಾಲ್ಕು ಭಾಳ ಸಪ್ಪಗೈತಿ" ಅಂದರು.
ಎಡಕ್ಕೊಂದು ಕೊಳ ತೋಡಿ, ಬಿಳಿ ಮರಳು ಸುರಿದು,
ಬೆನ್ನಿಗೆ ಕಾಗದದ ಹೂವಿನ ಬಳ್ಳಿ ಹಬ್ಬಿಸಿದರೆ ಎದ್ದು ಕಾಣುತ್ತದಂತೆ.
ಕಮಿಟಿಯವರು ಹೂಂ ಅಂದರು.
ನಾನು ಚೀಲ ಹೊರುವವನು, ಹೊತ್ತುಕೊಂಡೇ ನಿಂತೆ.

ಹದ್ದಿಗೆ ಇಳಿಜಾರು ಗೊತ್ತಾಗುತ್ತದೆಯೆ?
ಇಳಿಜಾರು ಗೊತ್ತಿರುವುದು ಹಿಮ್ಮಡಿಗೆ.
ಮೇಲಿಂದ ನಾಲ್ಕು ಹಾಸಿಟ್ಟ ಜಮಖಾನ.
ಚೆಂಡು ಬಿಟ್ಟು ನೋಡಿ:
ಬಲಕ್ಕೆ ಹೋಗಬೇಕು ಅನ್ನುತ್ತದೆ ಕಣ್ಣು;
ಚೆಂಡು ಒಂದು ಗಳಿಗೆ ಯೋಚಿಸಿ
ಕಾರಂಜಿ ಕೆರೆಯ ಕಡೆ ತಿರುಗುತ್ತದೆ,
ಸಂಜೆಯ ದನ ಕೊಟ್ಟಿಗೆ ಕಡೆ ತಿರುಗಿದ ಹಾಗೆ.
ಇಲ್ಲಿಂದ ಕೆರೆ ನಮಗೆ ಕಾಣುವುದಿಲ್ಲ.
ಚೆಂಡಿಗೆ ಕಾಣುತ್ತದೆ.

ಏಳನೆಯದು ಎಲ್ಲರಿಗೂ ಒಂದೇ ಮಾತು ಹೇಳುತ್ತದೆ: ಹಾರಿಸು.
ಹಾರಿದರೆ ಚಪ್ಪಾಳೆ, ಇಲ್ಲದಿದ್ದರೆ ಗುಳುಂ.
ಡಾಕ್ಟರ್ ದೇಚಮ್ಮನವರಿಗೆ ಎಪ್ಪತ್ತಮೂರು, ಸೊಂಟಕ್ಕೆ ಬೆಲ್ಟು,
ನೂರು ಗಜ ದಾಟಿಸಲು ತೋಳಿಗೆ ಆಗುವುದಿಲ್ಲ.
ಏಳರಲ್ಲಿ ಅವರು ಚೆಂಡನ್ನು ಜೇಬಿಗಿಳಿಸಿ
ದಂಡೆಯ ಮೇಲೆ ನಡೆದುಬಿಡುತ್ತಾರೆ,
"ಇಲ್ಲಿ ನಾನು ಬರೀ ನೆಂಟಳು, ಮಾದು."

ನಾಲ್ಕರಲ್ಲಿ ಟೋಪಿ ಹಿಂದಕ್ಕೆ ತಳ್ಳುತ್ತಾರೆ.
ಬಲಕ್ಕೆ ಗೂನುಬೆನ್ನಿನಂಥ ದಿಣ್ಣೆ; ಅದರ ಹೆಗಲಿಗೆ
ಮೆಲ್ಲಗೆ ಒಂದು ತಟ್ಟು.
ಚೆಂಡು ಹತ್ತಿ, ನಿಂತು, ಮನಸ್ಸು ಬದಲಿಸಿ, ಇಳಿದು, ಉರುಳಿ
ನಾವಿಬ್ಬರೂ ಉಸಿರು ಹಿಡಿದಿರುತ್ತೇವೆ,
ಕುಕ್ಕರಿನ ಮೂರನೇ ಸೀಟಿಗೆ ಕಾಯುವವರ ಹಾಗೆ.
ಮುನ್ನೂರು ಗಜ ಹೊಡೆಯುವ ನಕುಲ್
ಅದೇ ದಿಣ್ಣೆಗೆ ಎಷ್ಟು ಸಲ ತಲೆ ಚಚ್ಚಿಕೊಂಡಿದ್ದಾನೋ.
"ಏನಿದೆ ಇಲ್ಲಿ?" ಎಂದು ನನ್ನನ್ನೇ ಗದರುತ್ತಾನೆ.
ಏನೂ ಇಲ್ಲ ಸಾರ್. ಅದೇ ಕಷ್ಟ.

ಸುಳ್ಳು ಹೇಳಬಾರದು, ಏಳರ ಕೊಳ ನನಗೆ ಅನ್ನ ಹಾಕಿದೆ.
ಹನ್ನೆರಡರ ಹುಡುಗ, ಚಡ್ಡಿಯಲ್ಲಿ ಇಳಿದು
ಕಾಲ್ಬೆರಳಿನಿಂದ ಕೆಸರು ತಡವಿ ಚೆಂಡು ಎತ್ತುತ್ತಿದ್ದೆ.
ತೊಳೆದು ಮಾರಿದರೆ ಜೋಡಿಗೆ ಐದು ರೂಪಾಯಿ;
ತಂಗಿಯ ನೋಟ್‌ಬುಕ್ಕು ಬಂದದ್ದು ಆ ನೀರಿನಿಂದ.
ಚೆಂದವಾಗಿದೆ ಅಂತ ಅದನ್ನು ಬೈಯಲಾರೆ.
ನನ್ನ ಹೆಂಡತಿಯನ್ನೂ ಮೊದಲು ಫೋಟೋದಲ್ಲೇ ನೋಡಿದ್ದು.
ಆ ಫೋಟೋದವಳು ಯಾರೋ, ಇವತ್ತಿಗೂ ಗೊತ್ತಿಲ್ಲ.

ಸಂಜೆ ಡಿಸೈನರ್ ಒಬ್ಬರೇ ನಾಲ್ಕರ ಗ್ರೀನಿಗೆ ಬಂದರು.
ಪಟರ್ ಕೇಳಿದರು, ಕೊಟ್ಟೆ.
"ನೆಟ್ಟಗ ಐತಲ್ಲ?"
ಕಣ್ಣಿಗೆ ಹೌದು ಸಾರ್.
ತಟ್ಟಿದರು. ಚೆಂಡು ಕೆರೆಯನ್ನು ನೆನೆಸಿಕೊಂಡಿತು.
ಇನ್ನೊಂದು. ಮತ್ತೊಂದು.
ಹಾರುವ ಕ್ಯಾಮೆರಾ ಪೆಟ್ಟಿಗೆಯಲ್ಲಿ ಮಲಗಿತ್ತು.
ಆರನೆಯದಕ್ಕೆ ಬೂಟು ಬಿಚ್ಚಿದರು, ಕಾಲುಚೀಲ ಬಿಚ್ಚಿದರು,
ಹುಲ್ಲಿನ ಮೇಲೆ ಹಿಮ್ಮಡಿಯೂರಿ ನಡೆಯತೊಡಗಿದರು,
ಕತ್ತಲಲ್ಲಿ ಸ್ವಿಚ್ಚು ಹುಡುಕುವವರ ಹಾಗೆ.
ನಾನು ಬಾಯಿ ಬಿಡಲಿಲ್ಲ.

ಸೋಮವಾರ ಕಮಿಟಿ ಸೇರುತ್ತದೆ.
ಜೆಸಿಬಿಗೆ ಮುಂಗಡ ಕೊಟ್ಟಾಗಿದೆಯಂತೆ; ಇಲ್ಲವಂತೆ.
ಇರಲಿ ಅಂತ ಫೋನಿನಲ್ಲಿ ನಾಲ್ಕರದ್ದೊಂದು ಫೋಟೋ ತೆಗೆದೆ:
ಹುಲ್ಲು, ಆಕಾಶ, ಮೂಲೆಯಲ್ಲಿ ನನ್ನ ಹೆಬ್ಬೆರಳು.
ದೇಚಮ್ಮನವರಿಗೆ ತೋರಿಸಿದೆ.
ಕನ್ನಡಕ ಏರಿಸಿ, ಇಳಿಸಿ, ದೂರ ಹಿಡಿದು ನೋಡಿದರು.
"ಇದು ಯಾವ ಹೋಲು, ಮಾದು?" ಅಂದರು.