ಹಳೇ ದುಡ್ಡಲ್ಲಿ ಎಷ್ಟು?

ಮೊದಲ ಶುಕ್ರವಾರ ಬಂದ ಮುದುಕ
ಗಾಜಿನ ಭರಣಿಗೆ ಬೆರಳು ಮಾಡಿ ‘ಕಾಲು ಕೊಡಮ್ಮ’ ಅಂದ.
ಕಾಲು ಕಿಲೋ ಸುರಿದೆ, ಇನ್ನೂರೈವತ್ತು, ಗ್ರಾಮಿಗೆ ಗ್ರಾಮು.
ಕಾಗದದ ಚೀಲ ಬಸುರಿಯಂತೆ ಉಬ್ಬಿತು.
‘ಇರುವ ನಾಲ್ಕು ಹಲ್ಲೂ ಉದುರಲಿ ಅಂತಲಾ?’
ನಕ್ಕ ಈನಕ್ ಸಟ್‌ಕ್ಲಿಫ್. ನನ್ನ ಬೆನ್ನ ಹಿಂದೆ ಮೇವಿಸ್ ಕೂಡ.

ಕಾಲು ಅಂದರೆ ಕಾಲು ಪೌಂಡು.
ಯಾವುದರ ಕಾಲು ಎಂದು ಟಾಡ್‌ಮರ್ಡನ್ನಿನಲ್ಲಿ
ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ,
ಮನೆಯವರು ಮನೆಯವರನ್ನು ಹೆಸರಿಲ್ಲದೆ ಕೂಗುವ ಹಾಗೆ.
ನೂರ ಹದಿಮೂರು ಗ್ರಾಮು. ಬರೆದು ಅಂಟಿಸಿದ್ದಳು ಮೇವಿಸ್
ತಕ್ಕಡಿಯ ಬೆನ್ನಿಗೆ, ಗಿರಾಕಿಗೆ ಕಾಣದಂತೆ:
ಎರಡು ಔನ್ಸು ಐವತ್ತೇಳು,
ಅರ್ಧ ಪೌಂಡು ಇನ್ನೂರ ಇಪ್ಪತ್ತೇಳು.
‘ತೂಗುವುದು ಸರ್ಕಾರಕ್ಕೆ, ಕೊಡುವುದು ಊರಿಗೆ.’

ಇನ್ನೊಂದು ಪಾಠ ಬರೆದಿರಲಿಲ್ಲ, ಹೇಳಿದಳು:
ಮೇಲಿಂದ ತೆಗೆಯಬೇಡ, ಕೆಳಗಿಂದ ಏರಿಸು.
ಒಂದೇ ಒಂದು ಪೆಪ್ಪರ್‌ಮಿಂಟು ಭರಣಿಗೆ ವಾಪಸು ಹೋದರೂ
ಕೊಂಡವನಿಗೆ ಕಿತ್ತುಕೊಂಡ ಹಾಗೆ.

ನಮ್ಮ ಝೆಶುಫ್‌ನಲ್ಲಿ ಎಲ್ಲ ಡೆಕಾ.
ಹತ್ತು ಗ್ರಾಮಿಗೊಂದು ಡೆಕಾ.
ಇಪ್ಪತ್ತು ಡೆಕಾ ಹ್ಯಾಮು, ಐದು ಡೆಕಾ ಯೀಸ್ಟು,
ಅಜ್ಜಿ ಕಣ್ಣು ಮುಚ್ಚಿ ಅಂಗೈಯಲ್ಲೇ ಹೇಳುತ್ತಿದ್ದಳು.
ಇಂಗ್ಲೆಂಡಿಗೆ ಬಂದಾಗ ನನ್ನ ಅಂಗೈ ಮೂಕ.

ಮನುಷ್ಯರನ್ನಂತೂ ಇಲ್ಲಿ ಕಲ್ಲಲ್ಲಿ ತೂಗುತ್ತಾರೆ.
ಒಂದು ಸ್ಟೋನು, ಒಂದು ಕಲ್ಲು, ಹದಿನಾಲ್ಕು ಪೌಂಡು.
ಯಾಕೆ ಹದಿನಾಲ್ಕು?
‘ಯಾಕೆ ಮಂಗಳವಾರ?’ ಅಂದಳು ಮೇವಿಸ್.

ಅಕ್ಟೋಬರಿನಲ್ಲಿ, ಬೆರಳಿಲ್ಲದ ಕೈಗವಸು ಏರಿಸುತ್ತ,
‘ಒಂದು ಕಲ್ಲು ಇಳಿದಿದ್ದೀನಿ’ ಅಂದಳು.
ಕಲ್ಲು ಇಳಿದರೆ ಹಗುರವಲ್ಲವೆ?
‘ಒಳ್ಳೇದಾಯ್ತು!’ ಅಂದೆ. ಚಪ್ಪಾಳೆ ಬೇರೆ ತಟ್ಟಿದೆ.
ಅವಳು ಭರಣಿಯ ಮುಚ್ಚಳ ತಿರುವುತ್ತಲೇ ಇದ್ದಳು.
ಅದು ಆಗಲೇ ಬಿಗಿಯಾಗಿತ್ತು.

ರಾತ್ರಿ ಬಸ್ಸಿನ ಟಿಕೀಟಿನ ಹಿಂದೆ ಲೆಕ್ಕ ಹಾಕಿದೆ.
ಆರು ಕಿಲೋ ಮುನ್ನೂರ ಐವತ್ತು.
ಅಜ್ಜಿಯ ಬೆಕ್ಕು, ಜೊತೆಗೆ ಎರಡು ಬ್ರೆಡ್ಡು.
ಕಲ್ಲಿನಲ್ಲಿ ಕೇಳಿದ್ದು ಕಿಲೋದಲ್ಲಿ ತಟ್ಟಿತು.
ಮೇವಿಸ್ ಊಟ ಬಿಟ್ಟಿರಲಿಲ್ಲ. ಗುಡ್ಡ ಹತ್ತಿರಲಿಲ್ಲ.
ಬೆಕ್ಕು ತಾನಾಗಿ ಎದ್ದು ಹೋಗಿತ್ತು.

ಫೆಬ್ರವರಿಯಲ್ಲಿ ಹ್ಯಾಲಿಫ್ಯಾಕ್ಸಿನ ಆಸ್ಪತ್ರೆಯ ಕಾಗದ.
‘ಓದು’ ಅಂದಳು. ಕನ್ನಡಕ ಅವಳ ಕೊರಳಲ್ಲೇ ಇತ್ತು.
ಉದ್ದುದ್ದ ಪದಗಳನ್ನು ದಾಟಿ ಅಂಕಿಗೆ ಬಂದೆ:
ನಲವತ್ತನಾಲ್ಕೂವರೆ ಕಿಲೋ.
‘ಹಳೇ ದುಡ್ಡಲ್ಲಿ ಎಷ್ಟು?’
ಇಲ್ಲಿಯ ಮಾತು ಅದು. ಹೊಸ ಅಳತೆ ಯಾವುದೇ ಇರಲಿ,
ಹೀಗೇ ಕೇಳುತ್ತಾರೆ.

ಎರಡರಿಂದ ಗುಣಿಸು: ಎಂಬತ್ತೊಂಬತ್ತು.
ಅದರ ಹತ್ತರಲ್ಲೊಂದು ಪಾಲು ಸೇರಿಸು: ತೊಂಬತ್ತೇಳು, ಚಿಲ್ಲರೆ.
ಏಳು ಕಲ್ಲಿಗೆ ತೊಂಬತ್ತೆಂಟು ಬೇಕು.
‘ಆರು ಕಲ್ಲು…’ ಎಂದು ಬಾಯಿ ತೆರೆದೆ.

‘ಆರು ಅನ್ನಬೇಡ,’ ಅಂದಳು.
‘ನೀನು ಹಾಕಿದ್ದು ಸಂತೆ ಲೆಕ್ಕ.
ಅದು ಬರೀ ಎರಡು ಪಾಯಿಂಟ್ ಎರಡಲ್ಲ.
ಆಮೇಲೆ ಸೊನ್ನೆ, ನಾಲ್ಕು, ಆರು. ಬಾಲ ಇದೆ ಅದಕ್ಕೆ.
ಬಾಲವನ್ನೂ ತೂಗು.’

ತೂಗಿದೆ, ಪೆನ್ಸಿಲ್ಲು ಮೊಂಡಾಗುವವರೆಗೆ.
ತೊಂಬತ್ತೆಂಟು ಪೌಂಡು,
ಮೇಲೆ ಎರಡು ಔನ್ಸಿಗೆ ಕೂದಲೆಳೆ ಕಮ್ಮಿ.
‘ಏಳು ಕಲ್ಲು!’ ಹಲಗೆ ಕುಟ್ಟಿದಳು. ‘ಮದುವೆ ದಿನ ಇದ್ದಷ್ಟೇ.
ಆ ಉಡುಪು ಯಾರಿಗೆ ಕೊಟ್ಟೆನೋ, ದರಿದ್ರ.’

ಈನಕ್ ಬಂದ. ಕಾಲು ಕೇಳಿದ.
ನೂರ ಎಂಟು, ನೂರ ಹನ್ನೆರಡು,
ಇನ್ನೊಂದು ಬಿತ್ತು, ನೂರ ಹದಿನೇಳು.
ತೆಗೆಯಲಿಲ್ಲ.
ಮೇವಿಸ್ ತಾನೂ ಒಂದು ಬಾಯಿಗೆ ಹಾಕಿಕೊಂಡು,
ಕೆನ್ನೆ ಒಂದೇ ಕಡೆ ಉಬ್ಬಿ,
‘ನನ್ನ ಎರಡು ಔನ್ಸು ನಾನು ಕಾಯ್ಕೋಬೇಕಲ್ಲ’ ಅಂದಳು.

ಯಾವ ಎರಡು ಔನ್ಸು ಎಂದು ತಿಳಿಯದೆ
ಮುದುಕ ಚೀಲದ ಬಾಯಿ ಮಡಚುತ್ತಿದ್ದ.